ಮುಖಕ್ಕೊಂದು ನೆರಳು ಬೇಕು

ಆಂಗ್ಲರು ‘ಫೋಟೊಗ್ರಫಿ’ ಎಂದು ಕರೆಯುವ ಕಲೆಗೆ ನಾವು ‘ಛಾಯಾಗ್ರಹಣ’ವೆಂದು ಹೆಸರಿಟ್ಟೆವು. ಗ್ರೀಕ್ ಮೂಲದ ಆ ಮಾತಿಗೆ ಬೆಳಕಿನಿಂದ ಬರೆಯುವುದು ಎಂದರ್ಥ. 1839ರಲ್ಲಿ ಅದನ್ನು ಬಳಕೆಗೆ ತಂದವರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಪ್ರಮುಖನು. ನಮ್ಮವರು ಬೆಳಕನ್ನು ಬಿಟ್ಟು ಛಾಯೆಯನ್ನು ಹಿಡಿದರು. ಸಂಸ್ಕೃತದಲ್ಲಿ ಛಾಯೆಯೆಂದರೆ ನೆರಳೂ ಹೌದು, ಪ್ರತಿಬಿಂಬವೂ ಹೌದು, ಮೈಬಣ್ಣವೂ ಕಾಂತಿಯೂ ಹೌದು. ಹೆಸರಿಟ್ಟವರ ಮನಸ್ಸಿನಲ್ಲಿ ಇವುಗಳಲ್ಲಿ ಯಾವುದಿತ್ತೆಂದು ವಾದಿಸುತ್ತ ಕುಳಿತರೆ ಸಂಜೆಯಾದೀತು. ಆದರೆ ಮನುಷ್ಯರ ಭಾವಚಿತ್ರವನ್ನು ತೆಗೆಯುವವನಿಗೆ ಈ ಎಲ್ಲ ಅರ್ಥಗಳೂ ಒಂದೇ ಕಡೆ ಬೇಕಾಗುತ್ತವೆ.

ಕಾಗದ ಚಪ್ಪಟೆಯಾದುದು, ಮುಖವೋ ಉಬ್ಬುತಗ್ಗುಗಳ ನಾಡು. ಹಣೆ ಮುಂದೆ ಬಾಗಿದೆ, ಕಣ್ಣು ಗೂಡಿನೊಳಗಿದೆ, ಮೂಗು ಎದ್ದು ನಿಂತಿದೆ. ಈ ಏರಿಳಿತಗಳನ್ನು ಕಾಗದದ ಮೇಲೆ ತೋರಿಸಬಲ್ಲದ್ದು ನೆರಳೊಂದೇ. ಕೈಫೋನಿನ ಫ್ಲ್ಯಾಶ್ ದೀಪ ಮಸೂರದ ಪಕ್ಕದಲ್ಲಿಯೇ ಇರುವುದರಿಂದ ಅದು ಹುಟ್ಟಿಸುವ ನೆರಳೆಲ್ಲ ಮುಖದ ಹಿಂದೆ ಹೋಗಿ ಅಡಗಿಕೊಳ್ಳುತ್ತದೆ. ಉಳಿಯುವುದು ಸುಣ್ಣ ಬಳಿದ ಗೋಡೆಯಂತಹ ಒಂದು ಮುಖ. ಅದು ಯಾರದೆಂದು ಗುರುತು ಸಿಕ್ಕೀತು. ಆ ವ್ಯಕ್ತಿ ಸಿಕ್ಕುವುದಿಲ್ಲ.

ಇದು ಬರಿಯ ಹವ್ಯಾಸಿಗಳ ಚರ್ಚೆಯಲ್ಲ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ದಿನ ನಡೆಯುವ ಹುಡುಕಾಟ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಫೋನುಗಳಲ್ಲಿ ಸಾವಿರ ಚಿತ್ರಗಳಿರುತ್ತವೆ. ಹಾರ ಹಾಕಿ ಗೋಡೆಗೆ ತೂಗಿಸಲು ಯೋಗ್ಯವಾದುದು ಒಂದೂ ಇರುವುದಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪುಚಿತ್ರದಿಂದ ಮುಖವೊಂದನ್ನು ಕತ್ತರಿಸಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸುತ್ತಾರೆ. ಮುಂದೆ ಹುಟ್ಟುವ ಮೊಮ್ಮಕ್ಕಳಿಗೆ ಅಜ್ಜನೆಂದರೆ ಆ ಚಪ್ಪಟೆ ಮುಖವೇ.

ನೆರಳು ಬೇಕೆಂದ ಮಾತ್ರಕ್ಕೆ ಎಂತಹ ನೆರಳಾದರೂ ಆದೀತೆಂದಲ್ಲ. ಶಾಲೆಯಲ್ಲಿ ಗ್ರಹಣದ ಪಾಠವನ್ನು ಓದಿದವರಿಗೆ ದಟ್ಟ ನೆರಳು ಮತ್ತು ಅರೆನೆರಳುಗಳ ಭೇದ ನೆನಪಿರಬಹುದು. ಬೆಳಕಿನ ಮೂಲ ಚಿಕ್ಕದಾಗಿ ಕಂಡಷ್ಟೂ ಅರೆನೆರಳು ಕಿರಿದಾಗುತ್ತದೆ, ನೆರಳಿನ ಅಂಚು ಕತ್ತರಿಸಿಟ್ಟಂತೆ ಕಾಣುತ್ತದೆ. ‘ಕಂಡಷ್ಟೂ’ ಎಂಬ ಮಾತನ್ನು ಗಮನಿಸಬೇಕು. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೊಮೀಟರು. ಆದರೆ ಅವನು 15 ಕೋಟಿ ಕಿಲೊಮೀಟರು ದೂರದಲ್ಲಿರುವುದರಿಂದ ನಮ್ಮ ಪಾಲಿಗೆ ಅರ್ಧ ಡಿಗ್ರಿಯಷ್ಟು ಅಗಲದ ಬಿಲ್ಲೆ. ಆದುದರಿಂದಲೇ ಮಧ್ಯಾಹ್ನದ ಬಿಸಿಲಿನಲ್ಲಿ ಹುಬ್ಬಿನ ಕೆಳಗೆ ಕಪ್ಪು ಗುಳಿ ಬೀಳುತ್ತದೆ. ಮೋಡ ಕವಿದರೆ ಆಕಾಶವೆಲ್ಲ ದೀಪವಾಗಿ, ನೆರಳು ಇದ್ದೂ ಇಲ್ಲದಂತಾಗುತ್ತದೆ.

ಈ ಎರಡು ತುದಿಗಳ ನಡುವೆ ನಿಲ್ಲುವ ಸಾಧನವೊಂದು ಸ್ಟುಡಿಯೊಗಳಲ್ಲಿದೆ. ಅದರ ಹೆಸರು ‘ಬ್ಯೂಟಿ ಡಿಶ್’. ಸೌಂದರ್ಯದ ತಟ್ಟೆಯೆಂದು ಅನುವಾದಿಸಿದರೆ ನಗೆ ಬಂದೀತು; ನೋಡುವುದಕ್ಕೂ ಅದು ನಮ್ಮ ಅಡಿಗೆಮನೆಯ ಅಗಲ ಬಾಯಿಯ ಬೋಗುಣಿಯನ್ನೇ ಹೋಲುತ್ತದೆ. ಸಾಮಾನ್ಯವಾಗಿ 40ರಿಂದ 55 ಸೆಂಟಿಮೀಟರು ವ್ಯಾಸದ, ಆಳ ಕಡಮೆಯಾದ ಲೋಹದ ಬಟ್ಟಲು. ತಳದಲ್ಲಿ ದೊಡ್ಡ ರಂಧ್ರ. ಅದರ ಮೂಲಕ ಫ್ಲ್ಯಾಶ್ ದೀಪ ಒಳಗೆ ಇಣುಕುತ್ತದೆ. ದೀಪದ ಎದುರಿಗೆ, ಸಣ್ಣ ಕಂಬಿಗಳ ಮೇಲೆ, ಒಂದು ಪುಟ್ಟ ಬಿಲ್ಲೆಯನ್ನು ನಿಲ್ಲಿಸಿರುತ್ತಾರೆ. ಇದರ ಚಾತುರ್ಯವೆಲ್ಲ ಆ ಬಿಲ್ಲೆಯಲ್ಲಿದೆ. ದೀಪದ ಬೆಳಕು ನೇರವಾಗಿ ಮುಖದ ಮೇಲೆ ಬೀಳದಂತೆ ಅದು ತಡೆಯುತ್ತದೆ. ತಡೆದ ಬೆಳಕನ್ನು ಹಿಂದಕ್ಕೆ ಬಟ್ಟಲಿಗೆ ಅಟ್ಟುತ್ತದೆ. ಬಟ್ಟಲು ಅದನ್ನು ಎಲ್ಲ ಕಡೆಯಿಂದಲೂ ಮುಂದಕ್ಕೆ ಚೆಲ್ಲುತ್ತದೆ. ಹೀಗೆ ಮುಖವನ್ನು ತಲಪುವುದು ಒಂದು ಚುಕ್ಕಿಯ ಬೆಳಕಲ್ಲ, ನಡುವೆ ಮಬ್ಬಾದ ಒಂದು ಬಳೆಯ ಬೆಳಕು. ಎಡ ಅಂಚಿನಿಂದ ಬಂದ ಕಿರಣ ಹುಟ್ಟಿಸಿದ ನೆರಳಿಗೆ ಬಲ ಅಂಚಿನ ಕಿರಣ ಹೋಗಿ ತುಸು ನೀರೆರೆಯುತ್ತದೆ. ನೆರಳಿಗೆ ಆಕಾರವಿರುತ್ತದೆ, ಆದರೆ ಕ್ರೌರ್ಯವಿರುವುದಿಲ್ಲ.

ಈ ಗುಣ ದೊರೆಯುವುದು ದೀಪ ಹತ್ತಿರದಲ್ಲಿದ್ದಾಗ ಮಾತ್ರ. ಬಟ್ಟಲಿನ ವ್ಯಾಸದಷ್ಟು ಅಥವಾ ಅದರ ಎರಡರಷ್ಟು ದೂರ, ಅಂದರೆ ಅರ್ಧದಿಂದ ಒಂದು ಮೀಟರಿನವರೆಗೆ, ಅದಕ್ಕೆ ತಕ್ಕ ಸ್ಥಳ. 55 ಸೆಂಟಿಮೀಟರಿನ ಬಟ್ಟಲು 80 ಸೆಂಟಿಮೀಟರು ದೂರದಿಂದ ಮುಖಕ್ಕೆ ಸುಮಾರು 38 ಡಿಗ್ರಿ ಅಗಲವಾಗಿ ಕಾಣುತ್ತದೆ. ಮೂರು ಮೀಟರು ಹಿಂದಕ್ಕೆ ಸರಿಸಿದರೆ ಹತ್ತು ಡಿಗ್ರಿಯಷ್ಟೇ. ಆಗ ಅಷ್ಟು ಬೆಲೆಯ ಬಟ್ಟಲಿಗೂ ಸಾಮಾನ್ಯ ದೀಪಕ್ಕೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಸಮೀಪದಲ್ಲಿಡುವುದರಿಂದ ಇನ್ನೊಂದು ಲಾಭವೂ ಉಂಟು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬುದು ನಿಯಮವಷ್ಟೆ. ಮೂಗಿನ ತುದಿಗಿಂತ ಕಿವಿ ಹನ್ನೆರಡು ಸೆಂಟಿಮೀಟರು ಹಿಂದಿದೆಯೆಂದು ಇಟ್ಟುಕೊಳ್ಳಿ. ದೀಪ 70 ಸೆಂಟಿಮೀಟರು ದೂರದಲ್ಲಿದ್ದರೆ ಮೂಗಿಗೆ ಬೀಳುವ ಬೆಳಕಿನ ಹೆಚ್ಚುಕಡಮೆ ಮುಕ್ಕಾಲು ಪಾಲು ಕಿವಿಗೆ ಸಲ್ಲುತ್ತದೆ. 210 ಸೆಂಟಿಮೀಟರು ದೂರದಲ್ಲಿದ್ದರೆ ಹತ್ತರಲ್ಲಿ ಒಂಬತ್ತು ಪಾಲು. ಮೊದಲನೆಯದರಲ್ಲಿ ಮುಖ ಮೆಲ್ಲಮೆಲ್ಲನೆ ಹಿಂದಕ್ಕೆ ಜಾರಿ ದುಂಡಗಾಗುತ್ತದೆ.

ಇನ್ನು ದೀಪದ ಎತ್ತರ. ಮುಖದ ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ಮೇಲೆ, ಸುಮಾರು 45 ಡಿಗ್ರಿ ಕೆಳಮುಖವಾಗಿ ಬಾಗಿಸಿ ಇಡುವುದು ವಾಡಿಕೆ. ಆಗ ಮೂಗಿನ ಕೆಳಗೆ ಚಿಟ್ಟೆಯಂತಹ ಒಂದು ಪುಟ್ಟ ನೆರಳು ಬೀಳುತ್ತದೆ, ಕೆನ್ನೆಯ ಎಲುಬಿನ ಕೆಳಗೆ ನಸುಗಪ್ಪು ಹರಡುತ್ತದೆ, ಗಲ್ಲದ ರೇಖೆ ಕುತ್ತಿಗೆಯಿಂದ ಬೇರೆಯಾಗಿ ನಿಲ್ಲುತ್ತದೆ. ಆ ಚಿಟ್ಟೆ ಮೇಲ್ದುಟಿಯನ್ನು ಮುಟ್ಟಬಾರದು. ಮುಟ್ಟಿತೆಂದರೆ ದೀಪ ಮಿತಿಮೀರಿ ಮೇಲೇರಿದೆಯೆಂದು ತಿಳಿಯಬೇಕು. 1930ರ ದಶಕದಲ್ಲಿ ಹಾಲಿವುಡ್ಡಿನ ಪ್ಯಾರಮೌಂಟ್ ಚಿತ್ರಗಳಲ್ಲಿ ಈ ಬಗೆಯ ಬೆಳಕು ಎಷ್ಟು ಮೆರೆಯಿತೆಂದರೆ, ಆ ಸಂಸ್ಥೆಯ ಹೆಸರೇ ಅದಕ್ಕೆ ಅಂಟಿಕೊಂಡಿತು. 1932ರ ‘ಶಾಂಘೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ನಟಿ ಮಾರ್ಲೀನ್ ಡೀಟ್ರಿಚ್‌ಳ ಮುಖವನ್ನು ಕಂಡವರಿಗೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಆ ಚಿತ್ರದ ಛಾಯಾಗ್ರಾಹಕ ಲೀ ಗಾರ್ಮ್ಸ್‌ಗೆ ಆಸ್ಕರ್ ಬಂದಿತು.

ನಮ್ಮ ದೇಶದಲ್ಲಿಯೂ ನೆರಳನ್ನು ಪಳಗಿಸಿದವರಿಗೆ ಕೊರತೆಯಿರಲಿಲ್ಲ. 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಿದಾಗ, ಸುಬ್ರತ ಮಿತ್ರರು ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು ದೀಪಗಳನ್ನು ಅದರತ್ತ ತಿರುಗಿಸಿದರು. ತಟ್ಟಿ ಮರಳಿದ ಬೆಳಕು ಆಕಾಶದ ಬೆಳಕೇ ಆಯಿತು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳ ಮೂಲಕ ಬಿಸಿಲನ್ನೇ ಕತ್ತಲ ಸ್ಟುಡಿಯೊದೊಳಕ್ಕೆ ಕರೆತಂದು, ಕಂಬದಂತೆ ನಿಲ್ಲಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಬೆಳಕು ಮೃದುವಾಗಿರಬೇಕೆ, ತೀಕ್ಷ್ಣವಾಗಿರಬೇಕೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ, ಎದುರಿಗಿರುವ ಮುಖದಲ್ಲಿದೆ.

ಬ್ಯೂಟಿ ಡಿಶ್‌ಗೆ ದಾಕ್ಷಿಣ್ಯವಿಲ್ಲ. ಅದು ಚರ್ಮದ ಪ್ರತಿಯೊಂದು ರೇಖೆಯನ್ನೂ ಹೇಳಿಬಿಡುತ್ತದೆ. ಕಣ್ಣು ಆಳದಲ್ಲಿರುವವರ ಕಣ್ಣಿಗೆ ಕತ್ತಲು ಕವಿಸುತ್ತದೆ. ಪರಿಹಾರ ಸುಲಭ: ಎದೆಯ ಮಟ್ಟದಲ್ಲಿ ಬಿಳಿಯ ಥರ್ಮೋಕೋಲ್ ಹಲಗೆಯನ್ನೋ ಮಡಿಸಿದ ಬಿಳಿಯ ಪಂಚೆಯನ್ನೋ ಹಿಡಿದರೆ, ಅದರಿಂದ ಮೇಲಕ್ಕೆ ಚಿಮ್ಮಿದ ಬೆಳಕು ಗುಳಿಗಳನ್ನು ಅರ್ಧ ತುಂಬುತ್ತದೆ. ಪೂರ್ತಿ ತುಂಬಿಸಹೋದರೆ ಮತ್ತೆ ಸುಣ್ಣದ ಗೋಡೆ. ಬಟ್ಟಲಿನ ಬಾಯಿಗೆ ತೆಳ್ಳನೆಯ ಬಟ್ಟೆಯನ್ನು ತೊಡಿಸಿದರೆ ಬೆಳಕು ಇನ್ನಷ್ಟು ಮೆತ್ತಗಾಗುತ್ತದೆ. ಜೇನುಗೂಡಿನಂತಹ ಜಾಲರಿಯನ್ನು ಕೂರಿಸಿದರೆ ಬೆಳಕು ಅಕ್ಕಪಕ್ಕಕ್ಕೆ ಹರಡದೆ ಹಿನ್ನೆಲೆ ಕತ್ತಲಲ್ಲಿಯೇ ಉಳಿಯುತ್ತದೆ.

ಮೈಬಣ್ಣದ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದುವರಿಯಲಾರೆ. ಹೆಣ್ಣುಮಕ್ಕಳ ಚಿತ್ರ ವರನ ಮನೆಗೆ ಹೋಗಬೇಕಾದಾಗ, ‘ಸ್ವಲ್ಪ ಬೆಳ್ಳಗೆ ಬರಲಿ’ ಎಂದು ಸ್ಟುಡಿಯೊದವರಿಗೆ ಹೇಳುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಸ್ಟುಡಿಯೊದವನು ಬೆಳಕನ್ನು ಸುರಿಯುತ್ತಾನೆ, ಉಳಿದುದನ್ನು ಯಂತ್ರದಲ್ಲಿ ಒರೆಸುತ್ತಾನೆ. ಬಣ್ಣದೊಡನೆ ಮೂಗು, ಕೆನ್ನೆ, ಗಲ್ಲದ ಗುಳಿಗಳೂ ಒರೆಸಿಹೋಗುತ್ತವೆ. ಕೃಷ್ಣಶಿಲೆಯ ವಿಗ್ರಹವನ್ನು ದೀಪದ ಬೆಳಕಿನಲ್ಲಿ ನೋಡಿದವರು ಬಲ್ಲರು: ಕಪ್ಪು ಮೈಯಲ್ಲಿ ಆಕಾರವನ್ನು ಬಿಡಿಸುವುದು ಹೊಳಪು, ಬಿಳಿಯ ಮೈಯಲ್ಲಿ ನೆರಳು. ಕಪ್ಪು ಮುಖಕ್ಕೆ ಬೇಕಾದುದು ಹೆಚ್ಚು ಬೆಳಕಲ್ಲ, ಸರಿಯಾದ ಸ್ಥಳದಿಂದ ಬಂದ ಬೆಳಕು. ಈ ಬಟ್ಟಲು ಹಣೆಯ ಮೇಲೆ, ಮೂಗಿನ ದಂಡದ ಮೇಲೆ, ಕೆನ್ನೆಯ ಏರಿನ ಮೇಲೆ ಒಂದೊಂದು ಸ್ಪಷ್ಟವಾದ ಹೊಳಪನ್ನು ಇಟ್ಟುಕೊಡುತ್ತದೆ. ಒಳಮೈ ಬೆಳ್ಳಿಯ ಬಣ್ಣದ್ದಾದರೆ ಹೊಳಪು ತೀಕ್ಷ್ಣ. ಎಣ್ಣೆಯ ಅಂಶವಿರುವ ಚರ್ಮಕ್ಕೆ ಬಿಳಿಯ ಒಳಮೈಯೇ ವಾಸಿ.

ಯಾವ ದೀಪದಿಂದ ತೆಗೆದ ಚಿತ್ರವೆಂದು ತಿಳಿಯಬೇಕಾದರೆ ಕಣ್ಣಿನ ಪಾಪೆಯನ್ನು ನೋಡಿರಿ. ಅಲ್ಲಿ ಚೌಕಾಕಾರದ ಹೊಳಪಿದ್ದರೆ ಅದು ಕಿಟಕಿ, ಇಲ್ಲವೆ ಬಟ್ಟೆ ಹೊದಿಸಿದ ಪೆಟ್ಟಿಗೆಯ ದೀಪ. ದುಂಡಗಿದ್ದು ನಡುವೆ ಕಪ್ಪು ಚುಕ್ಕೆಯಿದ್ದರೆ ನಮ್ಮ ಬೋಗುಣಿ. ಪತ್ರಿಕೆಗಳ ಮುಖಪುಟದಲ್ಲಿ ಇದನ್ನು ಹುಡುಕುವುದು ಮನೆಯ ಮಕ್ಕಳಿಗೆ ಒಳ್ಳೆಯ ಆಟ.

ಅಜ್ಜಿಯನ್ನು ಸ್ಟುಡಿಯೊಗೆ ಕರೆದೊಯ್ಯುವವರಿಗೆ ಎರಡು ಸೂಚನೆಗಳುಂಟು. ಕನ್ನಡಕದಲ್ಲಿ ದೀಪ ಪ್ರತಿಫಲಿಸಿದರೆ ಅದನ್ನು ತೆಗೆಸಬೇಡಿರಿ. ಕನ್ನಡಕವಿಲ್ಲದ ಅಜ್ಜಿಯನ್ನು ಮೊಮ್ಮಕ್ಕಳು ಗುರುತಿಸಲಾರರು. ಅದರ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜು ಕೆಳಕ್ಕೆ ಬಾಗಿ, ಪ್ರತಿಫಲನ ನೆಲದ ಕಡೆಗೆ ಹೋಗುತ್ತದೆ. ಮೂಗುಬೊಟ್ಟು ಯಾವ ಹೊಳ್ಳೆಯಲ್ಲಿದೆಯೋ ಆ ಪಕ್ಕಕ್ಕೆ ದೀಪವನ್ನು ಒಂದು ಗೇಣು ಸರಿಸಲು ಹೇಳಿರಿ. ಆಗ ಹರಳು ಮಿನುಗುತ್ತದೆ, ಮೂಗಿನ ನೆರಳು ಇನ್ನೊಂದು ಕೆನ್ನೆಯ ಕಡೆಗೆ ತುಸು ಓರೆಯಾಗಿ ಮಲಗುತ್ತದೆ.