ಅಗ್ಗದ ಕಂಪ್ರೆಸರಿನ ಸುಧಾರಣೆ: ಲಾಭವೆಷ್ಟು, ನಷ್ಟವೆಷ್ಟು?

ಊರು ಬಿಟ್ಟು ಬಂದು ಈ ಮುಂಬಯಿಯಲ್ಲಿ ನೆಲೆಸಿರುವ ನಮಗೆ ಕನ್ನಡದ ದನಿಯೂ ಒಂದು ಆಸ್ತಿಯೇ. ಸಂಘದ ನಾಟಕ, ಸುಗಮ ಸಂಗೀತ, ಮನೆಯ ಹಿರಿಯರ ಹಾಡು-ಹಸೆಗಳನ್ನು ಧ್ವನಿಮುದ್ರಿಸಿ ಕಾಪಾಡಬೇಕೆಂಬ ಹಂಬಲ ಅನೇಕರಲ್ಲಿದೆ. ಅದಕ್ಕೆ ಬೇಕಾದ ಸಲಕರಣೆಗಳೂ ಮಧ್ಯಮ ವರ್ಗದವರ ಕೈಗೆಟುಕುವಂತಾಗಿವೆ. ಅವುಗಳಲ್ಲಿ ಕಂಪ್ರೆಸರ್ ಒಂದು. ಹೆಸರು ಕೇಳಿದೊಡನೆ ಕೆಲವರಿಗೆ ಮನೆಯ ಫ್ರಿಜ್ಜು ನೆನಪಾದೀತು. ನಾನು ಹೇಳಹೊರಟಿರುವುದು ಧ್ವನಿಯ ಕಂಪ್ರೆಸರನ್ನು ಕುರಿತು. ನಾನು ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ, ಓದಿದ್ದು ವಾಣಿಜ್ಯಶಾಸ್ತ್ರ, ಎಲೆಕ್ಟ್ರಾನಿಕ್ಸ್ ಕೇವಲ ಭಾನುವಾರದ ಹವ್ಯಾಸ. ಆದುದರಿಂದ ತಜ್ಞನಾಗಿ ಅಲ್ಲ, ಕೈಸುಟ್ಟುಕೊಂಡು ಕಲಿತವನಾಗಿ ಈ ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತೇನೆ.

ಹಾಡುವವರ ದನಿ ಒಮ್ಮೆ ಪಿಸುಮಾತಿನಷ್ಟಕ್ಕೆ ಇಳಿಯುತ್ತದೆ, ಒಮ್ಮೆ ಸಭಾಂಗಣ ತುಂಬುವಷ್ಟು ಏರುತ್ತದೆ. ಈ ಏರಿಳಿತದ ಅಂತರವನ್ನು ಕಿರಿದುಗೊಳಿಸುವುದೇ ಕಂಪ್ರೆಸರಿನ ಕೆಲಸ. ಇದನ್ನು ಆದಾಯ ತೆರಿಗೆಗೆ ಹೋಲಿಸಬಹುದು. ಒಂದು ಮಿತಿಯವರೆಗೆ ಕಡಿತವಿಲ್ಲ. ಮಿತಿ ಮೀರಿದ ಪಾಲಿಗೆ ಮಾತ್ರ ಕಡಿತ. ಅನುಪಾತ 4:1 ಎಂದು ಇಟ್ಟರೆ ಮಿತಿಯನ್ನು 8 ಡೆಸಿಬೆಲ್ ಮೀರಿದ ಧ್ವನಿ ಹೊರಬರುವಾಗ 2 ಡೆಸಿಬೆಲ್ ಮಾತ್ರ ಮೀರಿರುತ್ತದೆ. ಕಡಿತ ಎಷ್ಟು ಬೇಗ ಆರಂಭವಾಗಬೇಕು, ಎಷ್ಟು ನಿಧಾನವಾಗಿ ಸಡಿಲಬೇಕು ಎಂಬುದನ್ನು ಬೇರೆ ಎರಡು ತಿರುಪುಗಳು ನಿರ್ಧರಿಸುತ್ತವೆ. ಕೊನೆಗೆ, ತಗ್ಗಿದ ಧ್ವನಿಯನ್ನು ಒಟ್ಟಾರೆಯಾಗಿ ಮೇಲೆತ್ತುವ ತಿರುಪು ಒಂದಿರುತ್ತದೆ.

ಈ ಯಂತ್ರದ ಇತಿಹಾಸದಲ್ಲಿ ಅಮೆರಿಕದ ಪಾಲು ದೊಡ್ಡದು. 1960ರ ದಶಕದಲ್ಲಿ ಹೆಸರಾದ ಎಲ್.ಎ. 2ಎ ಎಂಬ ಯಂತ್ರ, ಬೆಳಕಿಗೆ ತಕ್ಕಂತೆ ಬದಲಾಗುವ ರೋಧಕದಿಂದ ಧ್ವನಿಯನ್ನು ತಗ್ಗಿಸುತ್ತಿತ್ತು. 1967ರಲ್ಲಿ ಬಿಲ್ ಪಟ್ನಮ್ ಅವರ 1176 ಬಂದಿತು. ಅದರಲ್ಲಿ ಆ ಕೆಲಸ ಟ್ರಾನ್ಸಿಸ್ಟರಿನದು. 1971ರಲ್ಲಿ ಡಿಬಿಎಕ್ಸ್ ಸಂಸ್ಥೆಯನ್ನು ಸ್ಥಾಪಿಸಿದ ಡೇವಿಡ್ ಬ್ಲ್ಯಾಕ್‌ಮರ್ ರೂಪಿಸಿದ, ವೋಲ್ಟೇಜಿನ ಅಂಕೆಯಲ್ಲಿ ನಡೆಯುವ ಆಂಪ್ಲಿಫಯರ್ ಮೂರನೆಯ ದಾರಿ. ಇದು ಮುಂದೆ ಒಂದು ಪುಟ್ಟ ಚಿಪ್ಪಿನಲ್ಲಿ ಅಡಕವಾದದ್ದರಿಂದ ಅಗ್ಗದ ಕಂಪ್ರೆಸರುಗಳು ಸಾಧ್ಯವಾದವು. 1990ರ ದಶಕದ ಅಲೆಸಿಸ್ 3630 ಅಂತಹುದೊಂದು. ಅದನ್ನು ಬಿಚ್ಚಿ, ಒಳಗಿನ ಬಿಡಿಭಾಗಗಳನ್ನು ಬದಲಿಸಿದ ಹವ್ಯಾಸಿಗಳು ಬಹಳ ಮಂದಿ.

ನಾನು ಕೊಂಡದ್ದು ಬೇರೊಂದು ತಯಾರಿಕೆಯದು, ಅದೂ ಹಳೆಯದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಂಟು ಹೊಸ ಚಿಪ್ಪುಗಳನ್ನು ಖರೀದಿಸಿ, ಹಳೆಯ ಟಿ.ಎಲ್. 072ಗಳನ್ನು ಕಿತ್ತು, ಅವುಗಳ ಸ್ಥಾನದಲ್ಲಿ ಎನ್.ಇ. 5532ಗಳನ್ನು ಕೂರಿಸಿದೆ. ಧ್ವನಿ ಥಳಥಳಿಸಿದಂತೆ ತೋರಿ ಹಿಗ್ಗಿದೆ. ಮರುವಾರವೇ, ಎಪ್ಪತ್ತೆಂಟರ ವಯಸ್ಸಿನ ನನ್ನ ತಾಯಿಯ ಸೋಬಾನೆ ಹಾಡುಗಳನ್ನು ಅದರ ಮೂಲಕ ಹಾಯಿಸಿ ಮುದ್ರಿಸಿಕೊಂಡೆ. ನಿಧಾನವಾಗಿ ಕೇಳಿದಾಗ ತಿಳಿಯಿತು: ಸಕಾರ ಬಂದಲ್ಲೆಲ್ಲ ಒಂದು ಕರಕರ, ಎರಡು ಸಾಲುಗಳ ನಡುವೆ ಫ್ಯಾನಿನ ಸದ್ದು ಉಬ್ಬಿ ಏಳುತ್ತಿತ್ತು. ಮುಂದಿನ ದೀಪಾವಳಿಗೆ ಮತ್ತೊಮ್ಮೆ ಮುದ್ರಿಸೋಣವೆಂದುಕೊಂಡೆ. ದೀಪಾವಳಿ ಬಂದಾಗ ತಾಯಿ ಇರಲಿಲ್ಲ.

ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಮೊದಲು ಲೆಕ್ಕಪತ್ರ ನೋಡುವ ನಾನು, ಇಲ್ಲಿ ಏನನ್ನೂ ನೋಡದೆ ಖರ್ಚು ಮಾಡಿದ್ದೆ. ಅನಂತರ ಸಾವಧಾನವಾಗಿ ಕಲಿತ ಲೆಕ್ಕ ಹೀಗಿದೆ.

ಮೊದಲನೆಯದಾಗಿ, ದೋಷ ಪೆಟ್ಟಿಗೆಯದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಧ್ವನಿಯನ್ನು 10 ಡೆಸಿಬೆಲ್ ಒತ್ತಿ, ಮತ್ತೆ 10 ಡೆಸಿಬೆಲ್ ಮೇಲೆತ್ತಿದರೆ, ಹಾಡು ನಿಂತಾಗ ಕೇಳುವ ಫ್ಯಾನಿನ ಸದ್ದೂ 10 ಡೆಸಿಬೆಲ್ ಏರುತ್ತದೆ. ಇದು ಚಿಪ್ಪಿನ ತಪ್ಪಲ್ಲ, ಗಣಿತ. ಫ್ಯಾನನ್ನು ಆರಿಸುವುದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಎರಡನೆಯದಾಗಿ, ಮುಪ್ಪಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಇವುಗಳೊಳಗಿನ ದ್ರವ ಕಾಲಕ್ರಮೇಣ ಆರುತ್ತದೆ; ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಈ ಕ್ಷೇತ್ರದ ಸ್ಥೂಲ ನಿಯಮ. ವಿದ್ಯುತ್ ಪೂರೈಕೆಯ ಭಾಗದ ಕೆಪಾಸಿಟರು ಸೊರಗಿದರೆ 100 ಹರ್ಟ್ಸಿನ ಗುಂಯ್‌ಗುಡುವಿಕೆ ಧ್ವನಿಯೊಳಗೆ ನುಸುಳುತ್ತದೆ. ಧ್ವನಿ ಹಾಯುವ ಮಾರ್ಗದಲ್ಲಿ 1 ಮೈಕ್ರೋಫ್ಯಾರಡಿನ ಕೆಪಾಸಿಟರು 10 ಕಿಲೋ ಓಮಿನ ಹೊರೆಗೆ ಸೇರಿದ್ದರೆ ಸುಮಾರು 16 ಹರ್ಟ್ಸಿನಲ್ಲಿ ಮಂದ್ರ ಧ್ವನಿ ಕ್ಷೀಣಿಸತೊಡಗುತ್ತದೆ. ಕೆಪಾಸಿಟರು ಒಣಗಿದಷ್ಟೂ ಆ ಗೆರೆ ಮೇಲೇರಿ ತಬಲಾದ ಬಾಯಾ ಸೊರಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ಪ್ರತಿಫಲ ಕೊಡುವ ದುರಸ್ತಿ ಇದೇ. ಆದರೆ ಕಡಿತದ ವೇಗವನ್ನು ನಿರ್ಧರಿಸುವ ಕೆಪಾಸಿಟರಿನ ಬೆಲೆಯನ್ನು ಬದಲಿಸಕೂಡದು. ಬದಲಿಸಿದರೆ ಮುಖಫಲಕದ ಅಂಕೆಗಳೆಲ್ಲ ಸುಳ್ಳಾಗುತ್ತವೆ.

ಮೂರನೆಯದಾಗಿ, ಎಲ್ಲರೂ ಮೊದಲು ಕೈಹಾಕುವ ಚಿಪ್ಪು. 5532ರ ಸ್ವಂತ ಗದ್ದಲ 072ರದಕ್ಕಿಂತ ಮೂರನೆಯ ಒಂದು ಪಾಲಿಗೂ ಕಡಿಮೆ ಎಂಬುದು ನಿಜ. ಆದರೆ ಜಮೆಯ ಪಕ್ಕದಲ್ಲಿ ಖರ್ಚೂ ಇದೆ. ಎಂಟು 072ಗಳು ಸುಮಾರು 22 ಮಿಲಿ ಆಂಪಿಯರ್ ವಿದ್ಯುತ್ತನ್ನು ಎಳೆದರೆ, ಎಂಟು 5532ಗಳು ಸುಮಾರು 64 ಎಳೆಯುತ್ತವೆ. ಸಣ್ಣ ಟ್ರಾನ್ಸ್‌ಫಾರ್ಮರಿಗೆ ಇದು ಭಾರವಾದೀತು. 5532ರ ಒಳಹರಿವಿನ ವಿದ್ಯುತ್ತೂ ಹೆಚ್ಚು. 100 ಕಿಲೋ ಓಮಿನ ರೋಧಕದ ಮುಂದೆ ಅದು ಸುಮಾರು 20 ಮಿಲಿ ವೋಲ್ಟ್ ಉಂಟುಮಾಡಿ, ತಿರುಪು ತಿರುಗಿಸಿದಾಗ ಕರಕರ ಎನ್ನಿಸುತ್ತದೆ. ಅಂತಹ ದೊಡ್ಡ ರೋಧಕವಿರುವೆಡೆ ಗದ್ದಲದ ಲಾಭವೂ ಅಳಿಸಿಹೋಗುತ್ತದೆ. ಇದಲ್ಲದೆ, ವೇಗದ ಚಿಪ್ಪಿನ ವಿದ್ಯುತ್ ಕಾಲುಗಳ ಬಳಿಯಲ್ಲೇ 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪಾಸಿಟರು ಇರದಿದ್ದರೆ, ಅದು ಕಿವಿಗೆ ಕೇಳದ ಕಂಪನದಲ್ಲಿ ತಾನೇ ಹಾಡತೊಡಗಬಹುದು. ನನ್ನ ಪೆಟ್ಟಿಗೆಯಲ್ಲಿ ಆದದ್ದು ಇದೇ; ಆಸಿಲ್ಲೋಸ್ಕೋಪಿನ ಮುಂದೆ ಇಟ್ಟಾಗ ಮಾತ್ರ ತಿಳಿಯಿತು. ಆದುದರಿಂದ ಧ್ವನಿ ಹಾಯುವ ಒಂದೆರಡು ಸ್ಥಾನಗಳಲ್ಲಿ ಮಾತ್ರ, ಸಾಕೆಟ್ ಹಾಕಿ, ಒಂದೊಂದಾಗಿ ಬದಲಿಸಿ ಅಳೆಯುವುದು ಜಾಣತನ.

ನಾಲ್ಕನೆಯದಾಗಿ, ಸರಿಹೊಂದಿಕೆ. ಹಲವು ಪೆಟ್ಟಿಗೆಗಳಲ್ಲಿ ಮುಖ್ಯ ಆಂಪ್ಲಿಫಯರ್ ಚಿಪ್ಪಿನ ಪಕ್ಕದಲ್ಲೇ ಒಂದು ಪುಟ್ಟ ತಿರುಪು ಇರುತ್ತದೆ. ಧ್ವನಿತರಂಗದ ಮೇಲರ್ಧ-ಕೆಳಅರ್ಧಗಳನ್ನು ಸಮಗೊಳಿಸಿ ವಿಕೃತಿಯನ್ನು ತಗ್ಗಿಸುವುದು ಅದರ ಕೆಲಸ. ಮಾಪಕದ ನೆರವಿನಿಂದ ಇದನ್ನು ಸರಿಪಡಿಸಿದರೆ, ಬಿಡಿಭಾಗದ ಖರ್ಚಿಲ್ಲದೆ ಧ್ವನಿ ತಿಳಿಯಾಗುತ್ತದೆ.

ಐದನೆಯದಾಗಿ, ಹೋಲಿಕೆ ಪ್ರಾಮಾಣಿಕವಾಗಿರಲಿ. ಒಂದು ಡೆಸಿಬೆಲ್ ಗಟ್ಟಿಯಾಗಿ ಕೇಳಿದರೂ ಸಾಕು, ಮನುಷ್ಯನ ಕಿವಿ ಅದನ್ನೇ ಉತ್ತಮವೆಂದು ತೀರ್ಪು ಕೊಡುತ್ತದೆ. ಮಟ್ಟವನ್ನು ಸಮಗೊಳಿಸಿ, ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ನುಡಿಸಿ ಕೇಳಬೇಕು. ನನಗೆ ಥಳಥಳಿಸಿದಂತೆ ತೋರಿದ್ದರಲ್ಲಿ ಎಷ್ಟು ನಿಜ, ಎಷ್ಟು ಖರ್ಚಿನ ಮೇಲಿನ ಮೋಹ ಎಂಬುದು ಹೀಗೆ ಕೇಳಿದಾಗಲೇ ಗೊತ್ತಾದದ್ದು.

ಆರೋಗ್ಯದ ಮಾತನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆ ಬಿಚ್ಚುವ ಮೊದಲು ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಒಳಗಿನ 230 ವೋಲ್ಟ್ ಹವ್ಯಾಸಿಯೆಂದು ಕರುಣೆ ತೋರದು. ಗುಂಯ್‌ಗುಡುವಿಕೆ ನಿಲ್ಲಿಸಲು ಭೂಸಂಪರ್ಕದ ತಂತಿಯನ್ನು ಎಂದಿಗೂ ಕತ್ತರಿಸಬಾರದು. ವಾಲ್ವುಗಳ ಯಂತ್ರಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅವುಗಳ ತಂಟೆ ಬೇಡ. ಬೆಸುಗೆಯ ರಾಳದ ಹೊಗೆ ಆಸ್ತಮಾ ತರಬಲ್ಲದು, ಕಿಟಕಿ ತೆರೆದಿರಲಿ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ಸಾಬೂನಿನಿಂದ ತೊಳೆಯಿರಿ. ಹೆಡ್‌ಫೋನಿನಲ್ಲಿ 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದೆಂದಾದರೆ, ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದೇ ಗಂಟೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮುದ್ರಿಸುವಾಗಲೇ ಒತ್ತಿದ ಧ್ವನಿಯನ್ನು ಮತ್ತೆ ಮೊದಲಿನಂತೆ ಬಿಚ್ಚಲಾಗದು. ಇಂದಿನ 24 ಬಿಟ್ ಧ್ವನಿಮುದ್ರಣದಲ್ಲಿ ಏರಿಳಿತಕ್ಕೆ ಜಾಗ ಧಾರಾಳವಾಗಿದೆ. ಆದುದರಿಂದ ಹಿರಿಯರ ಹಾಡನ್ನು ಕಂಪ್ರೆಸರಿಲ್ಲದೆ, ಇದ್ದುದನ್ನು ಇದ್ದ ಹಾಗೆಯೇ ಮುದ್ರಿಸಿಕೊಳ್ಳಿ. ಅದು ಅಸಲು, ಅದನ್ನು ಮುಟ್ಟಬೇಡಿ. ಸುಧಾರಿಸಿದ ಪೆಟ್ಟಿಗೆಯ ಪ್ರಯೋಗಗಳೆಲ್ಲ ಅದರ ನಕಲಿನ ಮೇಲೆ ನಡೆಯಲಿ. ನನ್ನ ಪೆಟ್ಟಿಗೆ ಈಗ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಸಂಘದ ಕಾರ್ಯಕ್ರಮಗಳಿಗೆ ಒದಗುತ್ತಿದೆ. ತಾಯಿಯ ಹಾಡನ್ನು ಮಾತ್ರ ನಾನು ಇಂದಿಗೂ ಆ ಕರಕರದೊಡನೆಯೇ ಕೇಳುತ್ತೇನೆ.