ಮೆಹರ್‌ಬಾಯಿ ಟಾಟಾ ಸ್ಮಾರಕ ನಿಧಿಗಳು

ಅಗಲಿದವರ ಹೆಸರಿನಲ್ಲಿ ಕೊಡುವ ಸ್ಮಾರಕ ವಿದ್ಯಾರ್ಥಿವೇತನಗಳು ಹೆಚ್ಚಾಗಿ ದತ್ತಿನಿಧಿಯನ್ನು, ಅಂದರೆ ಮೂಲಧನವನ್ನು ಮುಟ್ಟದೆ ಅದರಿಂದ ಬರುವ ಆದಾಯವನ್ನಷ್ಟೇ ವರ್ಷವರ್ಷವೂ ವಿನಿಯೋಗಿಸಲು ತೆಗೆದಿರಿಸಿದ ಹಣವನ್ನು, ಆಧರಿಸಿರುತ್ತವೆ. ಆದ್ದರಿಂದಲೇ ದಾನಿಯ ಕಾಲಾನಂತರವೂ ಅವು ನಿಲ್ಲದೆ ನಡೆಯಬಲ್ಲವು. ಭಾರತದಲ್ಲಿ ಇದಕ್ಕೆ ಮನಮುಟ್ಟುವ ಉದಾಹರಣೆ ಮೆಹರ್‌ಬಾಯಿ ಟಾಟಾ ಅವರ ನೆನಪಿನ ನಿಧಿಗಳು. ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದುದರಿಂದ ಬಾಲ್ಯವನ್ನು ಬೆಂಗಳೂರು, ಮೈಸೂರುಗಳಲ್ಲಿ ಕಳೆದು, ಮುಂದೆ ಬಾಲ್ಯವಿವಾಹ ನಿಷೇಧಕ್ಕೂ ಸ್ತ್ರೀಶಿಕ್ಷಣಕ್ಕೂ ದುಡಿದ ಈ ಮಹಿಳೆ 1931ರಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ, ಪತಿ ಸರ್ ದೊರಾಬ್‌ಜಿ ಟಾಟಾ ಮರುವರ್ಷವೇ, ತಮ್ಮ ಮರಣಕ್ಕೆ ತುಸು ಮುಂಚೆ, ಆ ರೋಗದ ಸಂಶೋಧನೆಗಾಗಿ ಲೇಡಿ ಟಾಟಾ ಸ್ಮಾರಕ ಟ್ರಸ್ಟನ್ನು ಸ್ಥಾಪಿಸಿದರು. ಅದೇ 1932ರಲ್ಲಿ ಹುಟ್ಟಿದ ಲೇಡಿ ಮೆಹರ್‌ಬಾಯಿ ಡಿ. ಟಾಟಾ ಶಿಕ್ಷಣ ಟ್ರಸ್ಟ್ ಭಾರತೀಯ ಮಹಿಳಾ ಪದವೀಧರರ ವಿದೇಶ ವ್ಯಾಸಂಗಕ್ಕೆ ಧನಸಹಾಯ ನೀಡುತ್ತ ಬಂದಿದೆ. ಮಗಳನ್ನು ಸಾಲ ಮಾಡಿ ಹೊರದೇಶಕ್ಕೆ ಓದಲು ಕಳಿಸುವುದಕ್ಕೆ ಎಷ್ಟೋ ಮನೆಗಳು ಇಂದಿಗೂ ಹಿಂಜರಿಯುತ್ತವೆ. ಅಂಥ ಮನೆಗಳಲ್ಲಿ ಈ ಬಗೆಯ ನೆರವು ಶುಲ್ಕದ ಒಂದು ಭಾಗವನ್ನಷ್ಟೇ ಭರಿಸಿದರೂ ಹೆತ್ತವರ ನಿರ್ಧಾರವನ್ನೇ ಬದಲಿಸಬಲ್ಲದು.