ಆಸನದ ಹಿಂದಿನ ಪೆಟ್ಟಿಗೆ: ಅಳತೆ, ದರ ಮತ್ತು ಹೊಣೆ

ಗೋಕಾಕ, ಅದರಿಂದ ಬೇರ್ಪಟ್ಟ ಮೂಡಲಗಿ ಹಾಗೂ ನೆರೆಯ ಹುಕ್ಕೇರಿ ತಾಲೂಕುಗಳಲ್ಲಿ ತರಕಾರಿ, ಹಾಲು, ಕಿರಾಣಿ ಸರಕುಗಳ ಸಾಗಾಟಕ್ಕೆ ಪಿಕಪ್ ವಾಹನ ಅನಿವಾರ್ಯವಾಗಿದೆ. ದಿನದ ಬಹುಭಾಗವನ್ನು ಕ್ಯಾಬಿನ್ನಿನಲ್ಲಿಯೇ ಕಳೆಯುವ ಚಾಲಕನಿಗೆ ಹಾಡೇ ಸಂಗಾತಿ. ಆಸನದ ಹಿಂದೆ ಸಬ್‌ವೂಫರ್ ಪೆಟ್ಟಿಗೆ ಕೂಡಿಸುವ ಕೆಲಸದಲ್ಲಿ ಬಡಿಗ, ಕುಶನ್ ಕೆಲಸಗಾರ ಮತ್ತು ಆಟೋ ಎಲೆಕ್ಟ್ರಿಷಿಯನ್ ಮೂವರಿಗೂ ದುಡಿಮೆಯಿದೆ. ಮರದ ಆಟಿಕೆಗಳಿಗೆ ಹೆಸರಾದ ಗೋಕಾಕಿನಲ್ಲಿ ಕೈಚಳಕಕ್ಕೆ ಬರವಿಲ್ಲ. ಆದರೆ ಅಳತೆ ತಪ್ಪಿದಲ್ಲಿ ಲಾಭ ಕರಗುವುದು ನಿಶ್ಚಿತ.

ಅಳತೆಯ ಮರ್ಮ

ಆಸನದ ಬೆನ್ನು ಓರೆಯಾಗಿರುವುದರಿಂದ ಪೆಟ್ಟಿಗೆಯು ಮೇಲೆ ಕಿರಿದಾಗಿಯೂ ಕೆಳಗೆ ಅಗಲವಾಗಿಯೂ ಇರಬೇಕಾಗುತ್ತದೆ. 900 ಮಿ.ಮೀ. ಉದ್ದ, 350 ಎತ್ತರ, ಮೇಲೆ 100 ಮತ್ತು ಕೆಳಗೆ 160 ಮಿ.ಮೀ. ಆಳದ ಪೆಟ್ಟಿಗೆಯ ಹೊರ ಗಾತ್ರ ಸುಮಾರು 41 ಲೀಟರ್. 18 ಮಿ.ಮೀ. ದಪ್ಪದ ಹಲಗೆ ಬಳಸಿದಲ್ಲಿ ಒಳಗೆ ಉಳಿಯುವುದು ಸುಮಾರು 25 ಲೀಟರ್ ಮಾತ್ರ. ಸ್ಪೀಕರ್ ತಯಾರಕರು ಸೂಚಿಸುವುದು ಈ ಒಳ ಗಾತ್ರವನ್ನೇ. ಇಕ್ಕಟ್ಟಾದ ಸ್ಥಳಕ್ಕೆ ಕಡಿಮೆ ಆಳದ ಸ್ಪೀಕರ್ ಹಾಗೂ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೇ ಸೂಕ್ತ. ಮೊದಲು ರಟ್ಟಿನ ಮಾದರಿಯನ್ನು ಕೂಡಿಸಿ, ಚಾಲಕನನ್ನು ಕೂರಿಸಿ, ಪೆಡಲು ಮತ್ತು ಗೇರು ಸರಿಯಾಗಿ ಎಟಕುವುವೇ ಎಂದು ಪರೀಕ್ಷಿಸತಕ್ಕದ್ದು. ಜಾಕ್, ಪಾನಾಗಳಿಗೂ ಬೇರೆ ಸ್ಥಳ ಗೊತ್ತುಪಡಿಸಬೇಕು. ಎಂ.ಡಿ.ಎಫ್. ಹಲಗೆ ನೀರು ತಾಗಿದರೆ ಉಬ್ಬುವುದರಿಂದ ಅಂಚುಗಳಿಗೆ ಬಣ್ಣ ಬಳಿಯುವುದು ಅವಶ್ಯ.

ವೈರಿಂಗ್

300 ವ್ಯಾಟ್ ಹೊರಹಾಕುವ ಆಂಪ್ಲಿಫೈಯರ್ ಶೇಕಡಾ 80ರಷ್ಟು ದಕ್ಷತೆಯದಾದರೆ ಪೂರ್ಣ ಹೊರೆಯಲ್ಲಿ ಸುಮಾರು 30 ಆಂಪಿಯರ್ ಸೆಳೆಯುತ್ತದೆ. ಆದಕಾರಣ ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಫ್ಯೂಸ್ ಹಾಕಬೇಕು. ತಗಡು ದಾಟುವ ಕಡೆ ರಬ್ಬರ್ ಬುಷ್ ಇಲ್ಲದಿದ್ದರೆ ತಂತಿ ಸವೆದು ಬೆಂಕಿಗೆ ಕಾರಣವಾದೀತು. ಪೆಟ್ಟಿಗೆಯನ್ನು ಭದ್ರವಾಗಿ ಬಿಗಿಯದಿದ್ದರೆ ಹಠಾತ್ ಬ್ರೇಕ್ ಹಾಕಿದಾಗ ಅದು ಚಾಲಕನ ಬೆನ್ನಿಗೇ ಬಡಿಯುತ್ತದೆ.

ದರದ ಲೆಕ್ಕ

ಉದಾಹರಣೆಗೆ ಹಲಗೆ, ಅಂಟು, ಬಟ್ಟೆಗೆ ರೂ. 2,200, ಎರಡು ದಿನಗಳ ಕೂಲಿ ರೂ. 1,800, ಬಾಡಿಗೆ, ವಿದ್ಯುತ್, ಉಪಕರಣಗಳ ಸವೆತದ ಪಾಲು ರೂ. 400 ಎಂದಿಟ್ಟುಕೊಂಡರೆ ವೆಚ್ಚ ರೂ. 4,400. ರೂ. 5,000 ದರ ಹೇಳಿದರೆ ಉಳಿಯುವುದು ರೂ. 600. ಅಳತೆ ತಪ್ಪಿ ಒಂದು ದಿನ ಮತ್ತೆ ದುಡಿದರೆ ಕೂಲಿಯೇ ರೂ. 900, ಅಂದರೆ ರೂ. 300 ನಷ್ಟ. ಸವೆತದ ಪಾಲನ್ನೇ ಲೆಕ್ಕಕ್ಕೆ ಹಿಡಿಯದವರಿಗೆ ಈ ನಷ್ಟ ಕಾಣುವುದೂ ಇಲ್ಲ.

ವಾಹನ ಮಾಲೀಕರೂ ಒಂದು ಅಂಶ ಗಮನಿಸಬೇಕು. ಲಘು ಸರಕು ವಾಹನಗಳಿಗೆ ತಿಂಗಳಿಗೆ ರೂ. 7,500ರಂತೆ ಅಂದಾಜು ಆದಾಯ ಘೋಷಿಸುವವರು ಈ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಆ ಪದ್ಧತಿಯಲ್ಲಿ ಸವಕಳಿಯೂ ಸೇರಿ ವ್ಯವಹಾರದ ವೆಚ್ಚಗಳನ್ನು ಕಳೆದಂತೆಯೇ ಭಾವಿಸಲಾಗುತ್ತದೆ.

ಕಾಯಿದೆಯ ಮಿತಿ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನೋಂದಣಿ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಕ್ಯಾಬಿನ್ನಿನ ಗೋಡೆ ಕತ್ತರಿಸುವ ಕೆಲಸ ಒಪ್ಪಿಕೊಳ್ಳದಿರುವುದೇ ಲೇಸು. ಬೋಲ್ಟ್ ಬಿಚ್ಚಿದರೆ ಹೊರಬರುವಂತಹ ಪೆಟ್ಟಿಗೆಯೇ ಕ್ಷೇಮ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ವಿಧಿಸಿವೆ. ಹಿಂದಿನ ವಾಹನದ ಹಾರ್ನ್ ಕೇಳಿಸದಷ್ಟು ಸದ್ದು ಚಾಲಕನಿಗೇ ಅಪಾಯಕರ.

ಬಳಸಿದ ಹಲಗೆ, ತಂತಿಯ ದಪ್ಪ, ಫ್ಯೂಸಿನ ಅಳತೆಗಳನ್ನು ಬಿಲ್ಲಿನಲ್ಲಿಯೇ ನಮೂದಿಸಿ, ಅದರ ಪ್ರತಿಯನ್ನು ಕಾಯ್ದಿಡುವುದು ಒಳಿತು. ವಾಹನ ಮಾಲೀಕರು ಅಳವಡಿಕೆಯನ್ನು ವಿಮಾ ಕಂಪನಿಗೆ ತಿಳಿಸುವುದು ಸೂಕ್ತ. ಮುಂದೊಂದು ದಿನ ತಕರಾರು ಎದ್ದಾಗ ಬಾಯಿಮಾತಿಗಿಂತ ಆ ಒಂದು ಹಾಳೆಯೇ ಕುಶಲಕರ್ಮಿಯ ನೆರವಿಗೆ ಬರುತ್ತದೆ.